ನಿವೃತ್ತಿ, ಹೊಸ ಊರು ಮತ್ತು ಕೇಳುವ ಧೈರ್ಯ

ಬೈಬಲಿನ ಆದಿಕಾಂಡದಲ್ಲಿ ಅಬ್ರಾಮನು ದೇವರ ಕರೆ ಕೇಳಿ ಹಾರಾನ್ ಎಂಬ ಊರು ಬಿಟ್ಟು ಹೊರಟಾಗ ಅವನಿಗೆ 75 ವರ್ಷ. ಅವನ ಹೆಂಡತಿ ಸಾರಯಳು ಅವನಿಗಿಂತ ಹತ್ತು ವರ್ಷ ಚಿಕ್ಕವಳು. ಈ ಭಾಗದ ಮೇಲೆ ನಾವೆಲ್ಲ ಎಷ್ಟೋ ಪ್ರಸಂಗ ಕೇಳಿದ್ದೇವೆ. ಬಹುಪಾಲು ಹೊರಡುವುದರ ಬಗ್ಗೆಯೇ. ಕರೆ ಬಂತು, ನಂಬಿದ, ಹೊರಟ. ಹೋಗಿ ಇಳಿದ ಮೇಲೆ? ಗುಡಾರ ಹಾಕಿದ ಮರುದಿನ ಬೆಳಗ್ಗೆ ಸಾರಯಳು ಯಾರ ಜೊತೆ ಮಾತಾಡಿದಳು? ಗಂಡನ ಬಿಟ್ಟರೆ ಅವಳನ್ನು ಹೆಸರು ಹಿಡಿದು ಕರೆಯುವವರು ಆ ಜಾಗದಲ್ಲಿ ಎಷ್ಟು ಜನ ಇದ್ದರು? ನಾನು ಇವತ್ತು ಮಾತಾಡಬೇಕು ಅಂತಿರುವುದು ಆ ಮರುದಿನದ ಬಗ್ಗೆ.

ಇಲ್ಲಿ ಕೂತಿರುವ ದಂಪತಿಗಳಲ್ಲಿ ಕೆಲವರು ಈಗಾಗಲೇ ಊರು ಬದಲಿಸಿದ್ದೀರಿ. ಕೆಲವರು ಯೋಚನೆಯಲ್ಲಿದ್ದೀರಿ. ಕಾರಣಗಳು ನಮಗೆಲ್ಲ ಗೊತ್ತಿರುವವೇ. ಮಕ್ಕಳು ಬೇರೆ ಕಡೆ ಇದ್ದಾರೆ. ದೊಡ್ಡ ಮನೆ ನೋಡಿಕೊಳ್ಳಲು ಮೈಯಲ್ಲಿ ಶಕ್ತಿ ಇಲ್ಲ. ಪಿಂಚಣಿಯಲ್ಲಿ ಖರ್ಚು ತೂಗುತ್ತಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಆ ಹವೆ ಆಗುವುದಿಲ್ಲ. ನಾನು, ನಮ್ಮ ಮನೆಯವರು ಕೂಡ ಇಂಥದ್ದೇ ಕಾರಣಕ್ಕೆ ಹೊರಟವರು. ಆಮೇಲೆ ನಮ್ಮ ಚರ್ಚಿನ ಸಭೆಯಲ್ಲಿ ಹೊಸದಾಗಿ ಬಂದವರನ್ನು ಮನೆಗೆ ಹೋಗಿ ಭೇಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹಾಗಾಗಿ ಇನ್ನೂ ಬಿಚ್ಚದ ಪೆಟ್ಟಿಗೆಗಳ ನಡುವೆ ಕೂತು ಅನೇಕರ ಮಾತು ಕೇಳಿದ್ದೇನೆ.

ಮೊದಲು ಒಂದು ವಿಷಯ ಒಪ್ಪಿಕೊಳ್ಳೋಣ. ಇದು ಕಷ್ಟ. "ದೇವರೇ ನಡೆಸಿದ್ದಾರೆ, ಮತ್ತೆ ಯಾಕೆ ಮನಸ್ಸು ಇಷ್ಟು ಭಾರ?" ಅಂತ ತುಂಬಾ ಜನ ಒಳಗೊಳಗೇ ನರಳುತ್ತಾರೆ. ತಮ್ಮ ನಂಬಿಕೆಯಲ್ಲೇ ಏನೋ ಕೊರತೆ ಅಂದುಕೊಳ್ಳುತ್ತಾರೆ. ಅಮೆರಿಕದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಇಬ್ಬರು ವೈದ್ಯರು 1967ರಲ್ಲಿ ಒಂದು ಪಟ್ಟಿ ಪ್ರಕಟಿಸಿದರು. ಬದುಕಿನ 43 ಬದಲಾವಣೆಗಳನ್ನು ತೆಗೆದುಕೊಂಡು, ಒಂದೊಂದೂ ಮನುಷ್ಯನ ಮೇಲೆ ಎಷ್ಟು ಭಾರ ಹಾಕುತ್ತದೆ ಅಂತ ಅಂಕ ಕೊಟ್ಟರು. ಸಂಗಾತಿಯ ಸಾವಿಗೆ 100. ನಿವೃತ್ತಿಗೆ 45. ಹಣಕಾಸಿನ ಸ್ಥಿತಿ ಬದಲಾದರೆ 38. ಮನೆ ಬದಲಾದರೆ 20. ಸಭೆಯ ಚಟುವಟಿಕೆ ಬದಲಾದರೆ 19. ಜನರ ಒಡನಾಟ ಬದಲಾದರೆ 18. ನಿದ್ದೆಯ ಅಭ್ಯಾಸ ಬದಲಾದರೆ 16. ಸಂಗಾತಿಯ ಸಾವನ್ನು ಬಿಟ್ಟು ಉಳಿದವೆಲ್ಲ ಕೂಡಿಸಿ ನೋಡಿ, 156 ಆಗುತ್ತದೆ. ಒಂದು ವರ್ಷದಲ್ಲಿ 150 ದಾಟಿದರೆ ಮೈ ಕೆಡುವ ಸಾಧ್ಯತೆ ಹೆಚ್ಚುತ್ತದೆ ಅನ್ನುವುದು ಅವರ ಲೆಕ್ಕ. ಯಾರೂ ಸತ್ತಿಲ್ಲ, ಯಾವ ಅನಾಹುತವೂ ಆಗಿಲ್ಲ. ನೀವು ನಿವೃತ್ತರಾಗಿ ಹೊಸ ಊರಿಗೆ ಬಂದಿದ್ದೀರಿ, ಅಷ್ಟೇ. ಭಾರ ಅನಿಸಿದರೆ ಅದು ನಂಬಿಕೆಯ ಸೋಲಲ್ಲ. ಸಭೆ ಬದಲಾಗುವುದು ಆ ಪಟ್ಟಿಯಲ್ಲಿ ಹೆಚ್ಚುಕಮ್ಮಿ ಮನೆ ಬದಲಾದಷ್ಟೇ ತೂಗುತ್ತದೆ ಅನ್ನುವುದನ್ನೂ ಗಮನಿಸಿ.

ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಇರುತ್ತದೆ. ಹೊಸ ದಾರಿಗಳು, ಹೊಸ ಕಿಟಕಿ, ಅಲಾರಂ ಇಲ್ಲದ ಬೆಳಗು. ನಿವೃತ್ತಿಯನ್ನು ಅಧ್ಯಯನ ಮಾಡಿದ ರಾಬರ್ಟ್ ಆಚ್ಲಿ 1976ರಲ್ಲೇ ಈ ಹಂತಕ್ಕೆ ಮಧುಚಂದ್ರ ಅಂತ ಹೆಸರಿಟ್ಟರು. ಅದರ ಹಿಂದೆಯೇ ಭ್ರಮೆ ಕಳಚುವ ಹಂತ ಬರಬಹುದು ಅಂದರು. ಎಲ್ಲರಿಗೂ ಹೀಗೇ ಆಗಬೇಕು ಅಂತ ಅವರು ಹೇಳಲಿಲ್ಲ. ಆದರೆ ನಾನು ಭೇಟಿ ಮಾಡಿದ ಮನೆಗಳಲ್ಲಿ ಇದನ್ನು ಕಂಡಿದ್ದೇನೆ. ಪೆಟ್ಟಿಗೆ ಬಿಚ್ಚಿ ಮುಗಿದ ಮೇಲೆ, ಮಕ್ಕಳು ತಮ್ಮ ಕೆಲಸಕ್ಕೆ ವಾಪಸ್ ಹೋದ ಮೇಲೆ, ಒಂದು ಮಧ್ಯಾಹ್ನ ಗಂಡನೋ ಹೆಂಡತಿಯೋ ಕೇಳುತ್ತಾರೆ: "ಈಗೇನು ಮಾಡೋಣ?"

ಆಗ ನಮ್ಮಂಥ ಸಭೆಯ ಜನಕ್ಕೆ ಒಂದು ಉತ್ತರ ತಟ್ಟನೆ ಹೊಳೆಯುತ್ತದೆ. ಸೇವೆ ಮಾಡೋಣ! ಮೂವತ್ತು ವರ್ಷ ಹಳೇ ಸಭೆಯಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡೋಣ. ಪಾಸ್ಟರ್ ಹತ್ತಿರ ಹೋಗಿ, ನಾನು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ, ಇವಳು ಸಂಡೇ ಸ್ಕೂಲ್ ನಡೆಸುತ್ತಿದ್ದಳು, ಏನಾದರೂ ಕೆಲಸ ಕೊಡಿ ಅನ್ನುತ್ತೇವೆ. ಅದರಲ್ಲಿ ಕೆಟ್ಟದ್ದೇನಿದೆ? ಕೆಟ್ಟದ್ದಲ್ಲ. ಆದರೆ ಅದು ಮೊದಲ ಹೆಜ್ಜೆ ಆಗಬಾರದು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಲೂಕನ ಸುವಾರ್ತೆಯ 10ನೇ ಅಧ್ಯಾಯ ನೆನಪಿಸಿಕೊಳ್ಳಿ. ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸುತ್ತಾರೆ. ಹಣದ ಚೀಲ ಬೇಡ, ಜೋಳಿಗೆ ಬೇಡ, ಕೆರವೂ ಬೇಡ ಅನ್ನುತ್ತಾರೆ. ಯಾವ ಮನೆ ಬರಮಾಡಿಕೊಳ್ಳುತ್ತದೋ ಅಲ್ಲೇ ಇರಿ, ಕೊಟ್ಟದ್ದನ್ನು ಊಟ ಮಾಡಿ, ಮನೆಯಿಂದ ಮನೆಗೆ ಅಲೆಯಬೇಡಿ. ಯೋಚಿಸಿ ನೋಡಿ. ರೋಗ ವಾಸಿಮಾಡುವ ಅಧಿಕಾರ ಇದ್ದವರು ಅವರು. ಆದರೂ ಊರೊಳಗೆ ಕಾಲಿಡುವಾಗ ಕೈ ಖಾಲಿ. ರಾತ್ರಿ ಮಲಗಲು ಜಾಗ ಬೇಕಾದರೆ ಆ ಊರಿನವರನ್ನೇ ನೆಚ್ಚಬೇಕು. ಮೊದಲು ಪಡೆಯುವವರಾಗಿ ಹೋದರು, ಆಮೇಲೆ ಕೊಟ್ಟರು.

ಸಮಾರ್ಯದ ಬಾವಿಯ ಹತ್ತಿರವೂ ಹಾಗೆಯೇ. ಮಧ್ಯಾಹ್ನದ ಹೊತ್ತು, ಯೇಸುವಿಗೆ ದಣಿವು. ನೀರು ಸೇದಲು ಕೈಯಲ್ಲಿ ಏನೂ ಇಲ್ಲ. ನೀರಿಗೆ ಬಂದ ಒಬ್ಬ ಹೆಂಗಸಿನ ಜೊತೆ ಅವರ ಮೊದಲ ಮಾತೇ "ನೀರು ಕೊಡು" ಅನ್ನುವುದು. ಜೀವಜಲದ ಮಾತು ಆಮೇಲೆ ಬಂತು. ಆ ಮಾತುಕತೆ ಎಲ್ಲಿಗೆ ಹೋಗಿ ನಿಂತಿತು? ಆ ಊರಿನವರು ಬಂದು, ನಮ್ಮಲ್ಲಿ ಉಳಿದುಕೊಳ್ಳಿ ಅಂತ ಬೇಡಿಕೊಂಡರು. ಅವರು ಎರಡು ದಿನ ಅಲ್ಲೇ ಇದ್ದರು.

ನಮಗೆ ಇದು ಬಲು ಕಷ್ಟ. ಕೊಡುವುದು ನಮಗೆ ಗೊತ್ತು. ಆಸ್ಪತ್ರೆಗೆ ಹೋಗಿ ರೋಗಿಗಳನ್ನು ನೋಡಿದವರು ನಾವು, ಅಡುಗೆ ಮಾಡಿ ಕಳಿಸಿದವರು ನಾವು. ಇಷ್ಟು ವರ್ಷ ನಾವೇ ಆತಿಥ್ಯ ಮಾಡುವ ಕಡೆ ನಿಂತಿದ್ದೆವು. ಈಗ ಒಂದು ಏಣಿ ಕೇಳಲು ಪಕ್ಕದ ಮನೆಯ ಬಾಗಿಲು ತಟ್ಟಬೇಕು ಅಂದರೆ ಕೈ ಮೇಲೇಳುವುದಿಲ್ಲ. ಯಾಕೆ ಅವರಿಗೆ ತೊಂದರೆ, ಅಂಗಡಿಯಿಂದ ತಂದುಬಿಡೋಣ ಅನ್ನುತ್ತೇವೆ.

ಎರಡು ಮನೆಗಳ ಕಥೆ ಹೇಳುತ್ತೇನೆ. ಒಬ್ಬರು ಹಳೇ ಸಭೆಯಲ್ಲಿ ಬಹಳ ಕಾಲ ಖಜಾಂಚಿ ಆಗಿದ್ದವರು. ಹೊಸ ಸಭೆಗೆ ಬಂದು ಸ್ವಲ್ಪ ದಿನಕ್ಕೇ ಲೆಕ್ಕದ ಜವಾಬ್ದಾರಿ ತೆಗೆದುಕೊಂಡರು. ಪ್ರಾಮಾಣಿಕ ಮನುಷ್ಯ, ಒಂದು ಪೈಸೆ ಅತ್ತಿತ್ತ ಆಗಲಿಲ್ಲ. ಎಲ್ಲರೂ ಅವರನ್ನು ಗೌರವಿಸಿದರು. ಅವರ ಹೆಂಡತಿಗೆ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಸಭೆಯಿಂದ ನೋಡಲು ಬಂದವರು ಪಾಸ್ಟರ್ ಒಬ್ಬರೇ. ಜನ ಕಲ್ಲೆದೆಯವರು ಅಂತಲ್ಲ. ಇವರ ಮನೆಯ ಕಷ್ಟ ಸುಖ ಯಾರಿಗೂ ಗೊತ್ತೇ ಇರಲಿಲ್ಲ. ಇವರು ಯಾರ ಹತ್ತಿರವೂ ಏನನ್ನೂ ಕೇಳಿದವರಲ್ಲ. ಇವರಿಗೆ ಏನೂ ಬೇಕಾಗುವುದಿಲ್ಲ ಅಂತಲೇ ಎಲ್ಲರೂ ತಿಳಿದಿದ್ದರು.

ಇನ್ನೊಂದು ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಫೋನಿನಲ್ಲಿ ಬಿಲ್ ಕಟ್ಟಲು ಬರುತ್ತಿರಲಿಲ್ಲ. ಎದುರು ಮನೆಯ ಕಾಲೇಜು ಹುಡುಗಿಯನ್ನು ಕರೆದು ಕೇಳಿದರು. ಅವಳು ಬಂದು ತೋರಿಸಿದಳು. ಮುಂದಿನ ತಿಂಗಳು ಮರೆತುಹೋಯಿತು, ಮತ್ತೆ ಕೇಳಿದರು. ಮತ್ತೆ ಬಂದಳು. ಹೀಗೆ ಬರುತ್ತಾ ಬರುತ್ತಾ ಅವಳು ತನ್ನ ಪರೀಕ್ಷೆಯ ಭಯ ಹೇಳಿಕೊಳ್ಳಲು ಶುರು ಮಾಡಿದಳು. ಆಮೇಲೆ ಅವಳ ಅಮ್ಮನೂ ಬಂದರು. ಆ ಮನೆಯವರು ಕ್ರೈಸ್ತರಲ್ಲ. ಒಂದು ದಿನ ಆ ತಾಯಿ, "ನನ್ನ ಮಗಳಿಗೋಸ್ಕರ ನಿಮ್ಮ ದೇವರ ಹತ್ತಿರ ಪ್ರಾರ್ಥನೆ ಮಾಡ್ತೀರಾ ಅಕ್ಕಾ?" ಅಂತ ಕೇಳಿದರಂತೆ. ಬಿಲ್ ಕಟ್ಟಲು ಬಾರದಿದ್ದದ್ದೇ ಅಲ್ಲಿ ಬಾಗಿಲು ತೆರೆಯಿತು.

ನಾವು ಒಬ್ಬರ ಹತ್ತಿರ ಸಹಾಯ ಕೇಳಿದಾಗ ಅವರಿಗೆ ನಮ್ಮ ಮನೆಯೊಳಗೆ ಒಂದು ಜಾಗ ಕೊಟ್ಟ ಹಾಗೆ. ನಾವು ಬರೀ ಕೊಡುತ್ತಲೇ ಇದ್ದರೆ ಅವರು ಯಾವಾಗಲೂ ಹೊಸ್ತಿಲ ಆಚೆಗೇ ನಿಲ್ಲುತ್ತಾರೆ.

ಸ್ನೇಹಕ್ಕೆ ಸಮಯ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ಸಮಯ? ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಇದನ್ನು ಲೆಕ್ಕ ಹಾಕಲು ನೋಡಿದರು. ಆಗ ತಾನೇ ಊರು ಬದಲಿಸಿದವರನ್ನೂ ಕಾಲೇಜಿಗೆ ಹೊಸದಾಗಿ ಸೇರಿದವರನ್ನೂ ಕೇಳಿ, 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರೀ ಮುಖಪರಿಚಯದವರು ಮೇಲುಮೇಲಿನ ಸ್ನೇಹಿತರಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು. ಸ್ನೇಹಿತ ಅಂತ ಹೇಳಿಕೊಳ್ಳಲು ಸುಮಾರು 90. ಆಪ್ತರಾಗಲು 200 ಗಂಟೆಗೂ ಜಾಸ್ತಿ. ಈಗ ನಮ್ಮ ಲೆಕ್ಕ ಮಾಡೋಣ. ಭಾನುವಾರ ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಒಬ್ಬರ ಜೊತೆ ಹದಿನೈದು ನಿಮಿಷ ಮಾತಾಡುತ್ತೀರಿ ಅಂದುಕೊಳ್ಳಿ. ಒಂದು ವಾರವೂ ತಪ್ಪಿಸದಿದ್ದರೆ ವರ್ಷಕ್ಕೆ 13 ಗಂಟೆ. 50 ಗಂಟೆ ಆಗಲು ಹೆಚ್ಚುಕಮ್ಮಿ ನಾಲ್ಕು ವರ್ಷ. 200 ಗಂಟೆಗೆ ಹದಿನೈದು ವರ್ಷ! ನಮ್ಮ ವಯಸ್ಸಿನಲ್ಲಿ ಅಷ್ಟು ಕಾಯುವುದು ಹೇಗೆ?

ಆದ್ದರಿಂದ "ಈ ಸಭೆಯಲ್ಲಿ ಪ್ರೀತಿ ಇಲ್ಲ" ಅಂತ ಆರು ತಿಂಗಳಿಗೇ ತೀರ್ಮಾನ ಮಾಡಬೇಡಿ. ಪ್ರೀತಿಗೆ ಇನ್ನೂ ಗಂಟೆಗಳೇ ಸಿಕ್ಕಿಲ್ಲ. ವಾರದ ಮಧ್ಯದ ಚಿಕ್ಕ ಪ್ರಾರ್ಥನಾ ಕೂಟಕ್ಕೆ ಹೋಗಿ. ಹತ್ತು ಜನ ಮನೆಯಲ್ಲಿ ಸೇರುವ ಕೂಟ ಇದ್ದರೆ ಅದನ್ನು ಬಿಡಬೇಡಿ. ಆ ಅಧ್ಯಯನದಲ್ಲಿ ಇನ್ನೂ ಒಂದು ವಿಷಯ ಇತ್ತು. ಒಟ್ಟಿಗೆ ಕೆಲಸ ಮಾಡಿದ ಗಂಟೆಗಳಿಗಿಂತ, ಸುಮ್ನೆ ಕೂತು ಮಾತಾಡಿದ, ತಿರುಗಾಡಿದ ಬಿಡುವಿನ ಗಂಟೆಗಳೇ ಸ್ನೇಹ ಬೆಳೆಸುತ್ತವೆ. ಸಮಿತಿಯಲ್ಲಿ ವರ್ಷಗಟ್ಟಲೆ ಪಕ್ಕಪಕ್ಕ ಕೂತವರು ಅಪರಿಚಿತರಾಗಿಯೇ ಉಳಿಯುವುದು ಇದಕ್ಕೇ. ಆ ಖಜಾಂಚಿಯವರಿಗೆ ಆದದ್ದೂ ಅದೇ.

ಹತ್ತಿರ ಇರುವುದೂ ಮುಖ್ಯ. ಮನಶ್ಶಾಸ್ತ್ರಜ್ಞ ಲಿಯೋನ್ ಫೆಸ್ಟಿಂಗರ್ ಮತ್ತು ಜೊತೆಗಾರರು ಮದುವೆಯಾದ ವಿದ್ಯಾರ್ಥಿಗಳ ವಸತಿ ಕಟ್ಟಡಗಳಲ್ಲಿ ಯಾರಿಗೆ ಯಾರು ಸ್ನೇಹಿತರು ಅಂತ ನೋಡಿ 1950ರಲ್ಲಿ ಬರೆದರು. ಪಕ್ಕದ ಬಾಗಿಲಿನವರೇ ಹೆಚ್ಚು ಸ್ನೇಹಿತರು. ಮೆಟ್ಟಿಲ ಹತ್ತಿರ ಇದ್ದ ಮನೆಯವರಿಗೆ ಮೇಲಿನ ಮಹಡಿಯವರ ಪರಿಚಯ ಬೇರೆಯವರಿಗಿಂತ ಜಾಸ್ತಿ. ಸುಮ್ನೆ ಮತ್ತೆ ಮತ್ತೆ ಎದುರಾಗುತ್ತಿದ್ದರು, ಅದರಿಂದಲೇ. ಹಾಗಾದರೆ ದಿನಾ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ನಡೆಯಲು ಹೋಗಿ. ಮನೆ ಮುಂದೆ ಕೂರುವ ಜಾಗ ಇದ್ದರೆ ಹಿಂದುಗಡೆ ಕೂರಬೇಡಿ.

ಈಗ ಗಂಡ ಹೆಂಡತಿ ವಿಷಯಕ್ಕೆ ಬರುತ್ತೇನೆ. ನಾನು ನೋಡಿದ ಮನೆಗಳಲ್ಲಿ ಜಾಸ್ತಿ ಕಣ್ಣೀರು ಬಂದದ್ದು ಇಲ್ಲಿಯೇ. ಇಬ್ಬರೂ ಒಟ್ಟಿಗೆ ಹೊರಟಿರುತ್ತಾರೆ, ಒಟ್ಟಿಗೆ ಪ್ರಾರ್ಥನೆ ಮಾಡಿ ತೀರ್ಮಾನ ಮಾಡಿರುತ್ತಾರೆ. ಆದರೆ ಇಬ್ಬರೂ ಒಂದೇ ವೇಗದಲ್ಲಿ ಬೇರು ಬಿಡುವುದಿಲ್ಲ. ಒಬ್ಬರು ಕ್ವಾಯರ್ ಸೇರಿ ಹಾಡುತ್ತಿರುತ್ತಾರೆ. ಇನ್ನೊಬ್ಬರು ಆರಾಧನೆ ಮುಗಿದ ಕೂಡಲೇ ಗಾಡಿ ಹತ್ತಿರ ಹೋಗಿ ನಿಂತಿರುತ್ತಾರೆ. ಬೇಗ ಹೊಂದಿಕೊಂಡವರು, "ನೀವೂ ಸ್ವಲ್ಪ ಬೆರೆಯಬಾರದಾ?" ಅನ್ನುತ್ತಾರೆ. ಹಿಂದೆ ಉಳಿದವರಿಗೆ ತಾನು ಒಂಟಿ ಅನ್ನುವುದರ ಜೊತೆಗೆ ತಾನೇ ಹೊರೆ ಅನ್ನುವ ನೋವೂ ಸೇರಿಕೊಳ್ಳುತ್ತದೆ.

ಇದರ ಜೊತೆಗೆ ಇಡೀ ದಿನ ಇಬ್ಬರೂ ಒಂದೇ ಮನೆಯಲ್ಲಿ. ಹಳೇ ಊರಿನಲ್ಲಿ ಕೆಲಸ, ಸ್ನೇಹಿತರು, ಸಭೆ, ನೆಂಟರು ಹಂಚಿಕೊಳ್ಳುತ್ತಿದ್ದ ಮಾತು, ಸಿಟ್ಟು, ನಗು ಎಲ್ಲವೂ ಈಗ ಒಬ್ಬರೇ ಮನುಷ್ಯರ ಮೇಲೆ ಬೀಳುತ್ತದೆ. ಎಷ್ಟೇ ಒಳ್ಳೆಯ ಗಂಡನಾಗಲಿ ಹೆಂಡತಿಯಾಗಲಿ, ಒಬ್ಬರಿಂದ ಅಷ್ಟೂ ಆಗುವುದಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆ ಬೇಡ.

ಅಕ್ವಿಲ ಮತ್ತು ಅವನ ಹೆಂಡತಿ ಪ್ರಿಸ್ಕಿಲ್ಲ ನನಗೆ ಬಹಳ ಇಷ್ಟವಾದ ಜೋಡಿ. ಅವರು ನಿವೃತ್ತರಲ್ಲ, ಗುಡಾರ ಹೊಲಿಯುವ ಕೆಲಸದವರು. ಆದರೆ ಊರು ಬದಲಿಸುವುದು ಅವರಿಗೆ ಗೊತ್ತಿತ್ತು. ಕ್ಲೌದಿಯ ಚಕ್ರವರ್ತಿ ಯೆಹೂದ್ಯರನ್ನು ಹೊರಹಾಕಿದಾಗ ರೋಮ್ ಬಿಟ್ಟು ಕೊರಿಂಥಕ್ಕೆ ಬಂದರು. ಅಲ್ಲಿಂದ ಎಫೆಸಕ್ಕೆ. ಮತ್ತೆ ರೋಮಿಗೆ. ಹೊಸ ಒಡಂಬಡಿಕೆಯಲ್ಲಿ ಅವರ ಮಾತು ಬಂದಲ್ಲೆಲ್ಲ ಇಬ್ಬರ ಹೆಸರೂ ಒಟ್ಟಿಗೇ ಬರುತ್ತದೆ. ಕೆಲವು ಕಡೆ ಅವಳ ಹೆಸರು ಮೊದಲು, ಕೆಲವು ಕಡೆ ಅವನದು. ಕೊರಿಂಥದಲ್ಲಿ ಅಪೊಸ್ತಲ ಪೌಲ ಅವರ ಮನೆಯಲ್ಲಿ ಉಳಿದ. ಎಫೆಸದಲ್ಲಿ ಅಪೊಲ್ಲೋಸ ಎಂಬ ಬೋಧಕನನ್ನು ಹತ್ತಿರ ಕರೆದು ಇಬ್ಬರೂ ಸೇರಿ ತಿಳಿಹೇಳಿದರು. ಅವರ ಮನೆಯಲ್ಲಿ ಸಭೆ ಕೂಡುತ್ತಿತ್ತು. ಊರು ಯಾವುದಾದರೂ ಆಗಲಿ, ಅವರ ಮನೆಯ ಬಾಗಿಲು ತೆರೆದೇ ಇತ್ತು. ಇಬ್ಬರಿಗೂ ಸೇರಿದ ಒಂದು ಕೆಲಸ ಇದ್ದದ್ದು ಅವರನ್ನು ಕಾಪಾಡಿತು ಅಂತ ನನಗನಿಸುತ್ತದೆ.

ನಾನು ದಂಪತಿಗಳಿಗೆ ಹೇಳುವುದು ಇಷ್ಟು. ಇಬ್ಬರೂ ಸೇರಿ ಮಾಡುವ ಒಂದು ವಿಷಯ ಇರಲಿ. ಒಬ್ಬೊಬ್ಬರೇ ಹೋಗುವ ಒಂದೊಂದು ಜಾಗವೂ ಇರಲಿ. ನಿಧಾನ ಇರುವವರನ್ನು ತಳ್ಳಬೇಡಿ, ಬೇಗ ಇರುವವರನ್ನು ಹಿಡಿದು ನಿಲ್ಲಿಸಬೇಡಿ. ರಾತ್ರಿ ಒಟ್ಟಿಗೆ ಪ್ರಾರ್ಥನೆ ಮಾಡುವಾಗ ಹಳೇ ಊರಿನ ನೆನಪನ್ನು ದೇವರ ಮುಂದೆ ಬಾಯಿಬಿಟ್ಟು ಹೇಳಿ. ದುಃಖವನ್ನು ದೇವರ ಮುಂದೆ ಹೇಳಿಕೊಳ್ಳಲು ಕೀರ್ತನೆಗಳು ನಮಗೆ ಕಲಿಸಿವೆ, ಅಲ್ವಾ?

ಸಭೆ ಆರಿಸುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯದರ ಹಾಗೇ ಇರುವ ಸಭೆ ಸಿಗುವುದಿಲ್ಲ. ಹಾಡುಗಳು ಬೇರೆ, ಆರಾಧನೆಯ ಕ್ರಮ ಬೇರೆ. ಮನೆಗೆ ಹತ್ತಿರ ಇರಲಿ. ಇನ್ನು ಹತ್ತು ವರ್ಷ ಆದ ಮೇಲೆ, ಗಾಡಿ ಓಡಿಸಲು ಆಗದಾಗಲೂ ತಲುಪುವಂತಿರಲಿ. ಸುವಾರ್ತೆ ಸರಿಯಾಗಿ ಸಾರುತ್ತಾರೋ ನೋಡಿ. ಆಮೇಲೆ ಸದಸ್ಯತ್ವದ ಪತ್ರ ತಂದು ಸೇರಿಬಿಡಿ. ಭಾನುವಾರ ಮನೆಯಲ್ಲೇ ಕೂತು ಹಳೇ ಸಭೆಯ ಆರಾಧನೆಯನ್ನು ಫೋನಿನಲ್ಲಿ ನೋಡುವವರು ಈಗ ತುಂಬಾ ಜನ. ಕಾಯಿಲೆ ಇದ್ದರೆ ಅದು ವರ. ಕಾಲು ಗಟ್ಟಿ ಇದ್ದವರಿಗೆ ಮಾತ್ರ ಅದು ಹೊಸ ಊರಿಗೆ ಬಾರದೇ ಇರುವ ಒಂದು ದಾರಿ.

ಸೇವೆ ಬೇಡವೇ ಬೇಡ ಅಂತ ನಾನು ಹೇಳಿದೆ ಅಂದುಕೊಳ್ಳಬೇಡಿ. ಬೈಬಲಿನ ಅರಣ್ಯಕಾಂಡ 8ನೇ ಅಧ್ಯಾಯದಲ್ಲಿ, ದೇವರ ಗುಡಾರದಲ್ಲಿ ಸೇವೆ ಮಾಡುತ್ತಿದ್ದ ಲೇವಿಯರ ನಿವೃತ್ತಿಯ ಮಾತಿದೆ. 25ಕ್ಕೆ ಸೇವೆ ಶುರು, 50ಕ್ಕೆ ಬಿಡುಗಡೆ. ಆಮೇಲೆ? ಗುಡಾರದ ಹತ್ತಿರ ತಮ್ಮ ಸಹೋದರರಿಗೆ ನೆರವಾಗಬಹುದು, ಆದರೆ ಕೆಲಸದ ಹೊಣೆ ಅವರ ಮೇಲಿಲ್ಲ. ಇದು ಎಷ್ಟು ಒಳ್ಳೆಯ ಏರ್ಪಾಡು ನೋಡಿ. ಹೊಣೆ ಕಿರಿಯರದ್ದು. ಹಿರಿಯರು ಪಕ್ಕದಲ್ಲಿ ಇರುತ್ತಾರೆ. ಹೊಸ ಸಭೆಯಲ್ಲಿ ಒಬ್ಬ ಯುವ ತಾಯಿ ಪ್ರಸಂಗ ಕೇಳಲಿ ಅಂತ ಅವಳ ಮಗುವನ್ನು ಎತ್ತಿಕೊಂಡು ಹೊರಗೆ ನಿಲ್ಲುವುದು, ಒಬ್ಬ ಹುಡುಗನ ಹೆಸರು ನೆನಪಿಟ್ಟು ಅವನಿಗಾಗಿ ದಿನಾ ಪ್ರಾರ್ಥಿಸುವುದು, ಇವುಗಳಿಗೆ ಯಾವ ಹುದ್ದೆಯೂ ಬೇಡ.

ಸಭೆಯ ಆಚೆಗೂ ಊರಿದೆ. ಪ್ರವಾದಿ ಯೆರೆಮೀಯನು ಬಾಬೆಲಿನಲ್ಲಿದ್ದ ಸೆರೆಯವರಿಗೆ ಬರೆದ ಪತ್ರ ಅವನ ಗ್ರಂಥದ 29ನೇ ಅಧ್ಯಾಯದಲ್ಲಿದೆ. ಮನೆ ಕಟ್ಟಿ, ತೋಟ ಮಾಡಿ, ಆ ಪಟ್ಟಣದ ಕ್ಷೇಮವನ್ನು ಹುಡುಕಿ, ಅದಕ್ಕಾಗಿ ಪ್ರಾರ್ಥಿಸಿ ಅನ್ನುತ್ತಾನೆ. ಅವರು ಇಷ್ಟಪಟ್ಟು ಹೋದ ಊರೂ ಅಲ್ಲ ಅದು. ಅವರ ನಂಬಿಕೆಯ ಊರೂ ಅಲ್ಲ. ನಿಮ್ಮ ಬೀದಿಯ ಹೆಸರು ಹೇಳಿ ಪ್ರಾರ್ಥಿಸಿ. ಗ್ರಂಥಾಲಯಕ್ಕೆ ಹೋಗಿ, ಬಡಾವಣೆಯ ಸಭೆಗೆ ಹೋಗಿ ಕೂತುಕೊಳ್ಳಿ. ಪಕ್ಕದವರನ್ನು ಸಭೆಗೆ ಕರೆತರಬೇಕಾದ ಜನ ಅಂತ ಮಾತ್ರ ನೋಡಿದರೆ ಅವರಿಗೆ ಅದು ತಿಳಿದುಹೋಗುತ್ತದೆ. ಪಕ್ಕದವರು ಅಂತಲೇ ಪ್ರೀತಿಸಿ.

ಇನ್ನೂ ಊರು ಬಿಡದವರಿಗೆ ಒಂದು ಮಾತು. ಎಲ್ಲರೂ ಹೋಗಲೇಬೇಕು ಅಂತೇನಿಲ್ಲ. ಬರ್ಜಿಲ್ಲೈ ಎಂಬ ಮುದುಕನಿಗೆ 80 ವರ್ಷ. ದಾವೀದನಿಗೆ ಕಷ್ಟಕಾಲದಲ್ಲಿ ಅನ್ನ ಹಾಕಿದವನು. ನನ್ನ ಜೊತೆ ಯೆರೂಸಲೇಮಿಗೆ ಬಾ, ನಾನು ನೋಡಿಕೊಳ್ಳುತ್ತೇನೆ ಅಂತ ಅರಸನೇ ಕರೆದ. ಬರ್ಜಿಲ್ಲೈ ಒಲ್ಲೆ ಅಂದ. ನನಗೆ ರುಚಿ ತಿಳಿಯುವುದಿಲ್ಲ, ಹಾಡು ಕೇಳಿಸುವುದಿಲ್ಲ, ಅಪ್ಪ ಅಮ್ಮನ ಸಮಾಧಿ ಇರುವ ಊರಿನಲ್ಲೇ ಸಾಯುತ್ತೇನೆ ಅಂದ. ದಾವೀದ ಅವನಿಗೆ ಮುತ್ತಿಟ್ಟು ಹರಸಿ ಕಳಿಸಿದ. ಮಕ್ಕಳು ಕರೆದರು ಅಂತ ಮನಸ್ಸಿಲ್ಲದೆ ಹೊರಡುವವರು ಎರಡನೇ ಸಮುವೇಲನ 19ನೇ ಅಧ್ಯಾಯವನ್ನು ಮಕ್ಕಳ ಜೊತೆ ಕೂತು ಓದಿ. ಹೋಗುವುದಾದರೆ ನಿವೃತ್ತಿಯಾದ ಮೊದಲ ವರ್ಷಗಳಲ್ಲೇ ಹೋಗಿ, ಹೊಸ ಸ್ನೇಹಕ್ಕೆ ಮೈಯಲ್ಲಿ ಶಕ್ತಿ ಇರುವಾಗ.

ಕೊನೆಯದಾಗಿ, ನಾವು ಮಾತಾಡಲು ಹೆದರುವ ವಿಷಯ. ಇಬ್ಬರಲ್ಲಿ ಒಬ್ಬರು ಮೊದಲು ಹೋಗುತ್ತೇವೆ. ಇನ್ನೊಬ್ಬರು ಈ ಹೊಸ ಊರಿನಲ್ಲಿ ಉಳಿಯುತ್ತೇವೆ. ಅಬ್ರಾಮನಿಗೂ ಸಾರಯಳಿಗೂ ದೇವರು ಮುಂದೆ ಅಬ್ರಹಾಮ, ಸಾರ ಅಂತ ಹೆಸರಿಟ್ಟರು. ಸಾರಳು 127ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅಬ್ರಹಾಮನ ಕೈಯಲ್ಲಿ ಅವಳನ್ನು ಹೂಳಲು ಒಂದು ಅಡಿ ಜಾಗವೂ ಇರಲಿಲ್ಲ. ಅವನು ಆ ನಾಡಿನ ಹಿತ್ತಿಯರ ಮುಂದೆ ನಿಂತು, ನಾನು ನಿಮ್ಮ ನಡುವೆ ಪರದೇಶಿ, ಸಮಾಧಿಗೆ ಜಾಗ ಕೊಡಿ ಅಂತ ಕೇಳಿದ. ನೋಡಿ, ಅವನೂ ಕೇಳಿದ. ಅವರು ಏನಂದರು? ನೀನು ನಮ್ಮಲ್ಲಿ ದೊಡ್ಡ ಪ್ರಭು, ನಮ್ಮ ಸಮಾಧಿಗಳಲ್ಲಿ ಉತ್ತಮವಾದದ್ದನ್ನೇ ತೆಗೆದುಕೋ, ಯಾರೂ ಬೇಡ ಅನ್ನುವುದಿಲ್ಲ ಅಂದರು. ಅವನು 400 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಮಕ್ಪೇಲದ ಹೊಲ ಮತ್ತು ಗವಿ ಕೊಂಡ. ಆದರೆ ಆ ಗೌರವ, ಆ ಮಾತು ಬೆಳ್ಳಿಗೆ ಬಂದದ್ದಲ್ಲ. ಅರವತ್ತಕ್ಕೂ ಹೆಚ್ಚು ವರ್ಷ ಆ ಜನರ ನಡುವೆ ಬದುಕಿದ್ದಕ್ಕೆ ಬಂದದ್ದು.

ಹಾಗಾಗಿ ಈ ವಾರವೇ ಇಬ್ಬರೂ ಕೂತು ಮಾತಾಡಿ. ಮನೆ ನೋಡುತ್ತಿದ್ದರೆ, ಒಬ್ಬರೇ ಉಳಿದಾಗಲೂ ನಿಭಾಯಿಸಲು ಆಗುವ ಮನೆ ನೋಡಿ. ಬ್ಯಾಂಕಿನ ವ್ಯವಹಾರ ಒಬ್ಬರಿಗೇ ಗೊತ್ತಿದ್ದರೆ ಇನ್ನೊಬ್ಬರಿಗೂ ಕಲಿಸಿ. ಅಡುಗೆ ಒಬ್ಬರಿಗೇ ಬರುವುದಾದರೆ ಅದನ್ನೂ. ಉಯಿಲು ಬರೆದಿಲ್ಲದಿದ್ದರೆ ಬರೆಸಿ. ಎಲ್ಲಿ ಹೂಳಬೇಕು, ಯಾವ ಹಾಡು ಹಾಡಬೇಕು ಅನ್ನುವುದನ್ನು ಒಂದು ಕಾಗದದಲ್ಲಿ ಬರೆದು ಹೊಸ ಸಭೆಯ ಪಾಸ್ಟರ್ ಕೈಗೆ ಕೊಡಿ. ರಾತ್ರಿ ಎರಡು ಗಂಟೆಗೆ ಏನಾದರೂ ಆದರೆ ಈ ಊರಿನಲ್ಲಿ ಯಾರಿಗೆ ಫೋನ್ ಮಾಡುತ್ತೀರಿ ಅಂತ ಒಬ್ಬರನ್ನೊಬ್ಬರು ಕೇಳಿಕೊಳ್ಳಿ. ಬೇರೆ ಊರಿನಲ್ಲಿರುವ ಮಕ್ಕಳ ಹೆಸರು ಲೆಕ್ಕಕ್ಕಿಲ್ಲ. ಹೆಸರೇ ಹೊಳೆಯದಿದ್ದರೆ ನಾಳೆ ಬೆಳಗ್ಗೆ ಪಕ್ಕದ ಮನೆಗೆ ಹೋಗಿ, ನಿಮ್ಮ ನಂಬರ್ ಕೊಡ್ತೀರಾ ಅಂತ ಕೇಳಿ.